ಎಚ್ ಸೊನ್ನೆ ಅಂದಮೇಲೆ ಅದರಿಂದ ಭಾಗಿಸುವುದು ಹೇಗೆ?

ಎಕ್ಸ್ ಸ್ಕ್ವೇರ್‌ನ ಡೆರಿವೇಟಿವ್ (ಎಕ್ಸ್ ಬದಲಾದಂತೆ ಅದು ಎಷ್ಟು ವೇಗವಾಗಿ ಬದಲಾಗುತ್ತದೆ ಅನ್ನುವುದು) ತೆಗೆಯುವಾಗ ಎಕ್ಸ್‌ಗೆ ಎಚ್ ಅನ್ನುವ ಚಿಕ್ಕ ಸಂಖ್ಯೆ ಕೂಡಿಸಿ, ವರ್ಗ ಎಷ್ಟು ಬದಲಾಯಿತೋ ಅದನ್ನು ಮೊದಲು ಎಚ್‌ನಿಂದ ಭಾಗಿಸಿ, ಆಮೇಲೆ ಅದೇ ಎಚ್ ಸೊನ್ನೆ ಅನ್ನುವುದು ಮೋಸ ಅಲ್ವಾ ಅಂತ ಕೇಳಿದ್ದೀರಿ. ತುಂಬಾ ಒಳ್ಳೆ ಪ್ರಶ್ನೆ. 1734ರಲ್ಲಿ ತತ್ವಜ್ಞಾನಿ ಜಾರ್ಜ್ ಬರ್ಕ್ಲಿ ಕೂಡ ಇದನ್ನೇ ಕೇಳಿದ್ದರು, ಗಟ್ಟಿ ಉತ್ತರ ಸಿಗಲು ಮುಂದಿನ ಶತಮಾನದ ಗಣಿತಜ್ಞರಾದ ಕೋಶಿ, ವೈಯರ್‌ಸ್ಟ್ರಾಸ್ ಬರಬೇಕಾಯಿತು. ಹಾಗಾಗಿ ತಲೆಗೆ ಹತ್ತಲಿಲ್ಲ ಅಂತ ಬೇಜಾರು ಬೇಡ.

ಸುಮ್ನೆ ಪೆನ್ನು ಹಿಡಿದು ಲೆಕ್ಕ ಮಾಡಿ. ಎಕ್ಸ್ 3 ಇರಲಿ. ಎಚ್ 0.1 ಆದರೆ 3.1ರ ವರ್ಗ 9.61, ಅದರಲ್ಲಿ 9 ಕಳೆದರೆ 0.61, ಅದನ್ನು 0.1ರಿಂದ ಭಾಗಿಸಿದರೆ 6.1. ಎಚ್ 0.01 ಮಾಡಿ, 6.01 ಬರುತ್ತದೆ. ಮೈನಸ್ 0.1 ಹಾಕಿದರೆ 5.9. ಎರಡೂ ಕಡೆಯಿಂದ 6ರ ಹತ್ತಿರಕ್ಕೇ ಬರುತ್ತಿದೆ, ನೋಡಿ. ಎಚ್ ಎಲ್ಲೂ ಸೊನ್ನೆ ಆಗಲೇ ಇಲ್ಲ, ಅದಕ್ಕೇ ಭಾಗಿಸುವುದು ತಪ್ಪಲ್ಲ. ಭಾಗಿಸಿದ ಮೇಲೆ ಉಳಿಯುವುದು 6 + ಎಚ್, ಅದು ಯಾವ ಸಂಖ್ಯೆಯ ಕಡೆ ಹೋಗುತ್ತಿದೆಯೋ ಅದೇ ಲಿಮಿಟ್.

ಮಂಡ್ಯದಿಂದ ಮೈಸೂರಿಗೆ ಸುಮಾರು 45 ಕಿ.ಮೀ. ಬಸ್ಸು ಒಂದು ಗಂಟೆ ತೆಗೆದುಕೊಂಡರೆ ಸರಾಸರಿ ವೇಗ 45. ಆದರೆ ಶ್ರೀರಂಗಪಟ್ಟಣದ ಹತ್ತಿರ ಕಾವೇರಿ ದಾಟುವಾಗ ಡ್ರೈವರ್ ಮುಂದಿನ ಸ್ಪೀಡೋಮೀಟರ್ ಮುಳ್ಳು 30ರಲ್ಲಿ ಇರಬಹುದು. ಆ ಕ್ಷಣದ ವೇಗ ಬೇಕಾದರೆ ಒಂದು ನಿಮಿಷದ, ಆಮೇಲೆ ಒಂದು ಸೆಕೆಂಡಿನ, ಆಮೇಲೆ ಅದಕ್ಕೂ ಕಮ್ಮಿ ಹೊತ್ತಿನ ಸರಾಸರಿ ತೆಗೆಯುತ್ತಾ ಹೋಗಬೇಕು. ಇಲ್ಲಿ ಆ ಹೊತ್ತೇ ಎಚ್. ಡೆರಿವೇಟಿವ್ ಅಂದರೆ ಇಷ್ಟೇ.

ಈಗ ಎಕ್ಸ್ ಕ್ಯೂಬ್‌ಗೆ ಎಕ್ಸ್ 2 ಇಟ್ಟು ಇದೇ ರೀತಿ ಮಾಡಿ. 12ರ ಹತ್ತಿರ ಬರದಿದ್ದರೆ ನಿಮ್ಮ ಲೆಕ್ಕ ಇಲ್ಲಿ ಹಾಕಿ, ಎಲ್ಲಿ ತಪ್ಪಿದೆ ನೋಡೋಣ.