18 ತುಂಬಿದ ಮೇಲೆ ಆಸರೆ: ಶಾಸಕರಿಗೆ ಏನು ಬರೆಯಬೇಕು?

ಬಾಲಮಂದಿರದಲ್ಲಿ ಬೆಳೆದವರಿಗೆ 18 ತುಂಬಿದ ಮೇಲೂ ಆಸರೆ ಸಿಗುವಂತೆ ಕಾನೂನು ಬರಬೇಕು, ಶಿರಸಿ ಶಾಸಕರಿಗೆ ಏನಂತ ಬರೆಯಲಿ ಎಂದು ಕೇಳಿದ್ದೀರಿ. 2015ರ ಬಾಲನ್ಯಾಯ ಕಾಯ್ದೆಯ 46ನೇ ಕಲಂ ನೋಡಿ. ಹೊರಗೆ ಹೋಗುವವರಿಗೆ ಹಣದ ನೆರವು 'ಕೊಡಬಹುದು' ಅಂತಿದೆ, 'ಕೊಡಲೇಬೇಕು' ಅಂತಿಲ್ಲ. ತೊಡಕು ಇರೋದೇ ಅಲ್ಲಿ. 110ನೇ ಕಲಂ ಪ್ರಕಾರ ನಿಯಮ ಮಾಡುವ ಅಧಿಕಾರ ರಾಜ್ಯಕ್ಕಿದೆ. ಎಷ್ಟು ಹಣ, ಎಷ್ಟು ದಿನದೊಳಗೆ ಅಂತ ನಿಯಮದಲ್ಲೇ ಬರಲಿ ಎಂದು ಕೇಳಿ. ಒಂದು ಪ್ರತಿ ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗಕ್ಕೂ ಹೋಗಲಿ. ಸುಮ್ನೆ 'ಮಕ್ಕಳನ್ನು ಕಾಪಾಡಿ' ಅಂತ ಬರೆದರೆ ಅದು ಫೈಲಿನಲ್ಲೇ ಕೂರುತ್ತದೆ, ಅಲ್ವಾ?

ಕಾರವಾರ ಬಸ್ ನಿಲ್ದಾಣದಲ್ಲಿ ಹೀಗೆ ಬಾಲಮಂದಿರದಿಂದ ಹೊರಬಂದ ಒಬ್ಬ ಹುಡುಗನನ್ನು ನೋಡಿದ್ದೆ. ಒಂದು ಕೈಚೀಲ, ಪ್ಲಾಸ್ಟಿಕ್ ಕವರಿನಲ್ಲಿ ಮಾರ್ಕ್ಸ್ ಕಾರ್ಡ್. ಯಾವ ಬಸ್ಸು ಅಂದರೆ, "ಇನ್ನೂ ಗೊತ್ತಿಲ್ಲ ಅಣ್ಣಾ" ಅಂದ. ಇಂಥದ್ದೊಂದು ನೀವೂ ಕಂಡಿದ್ದರೆ ಪತ್ರದಲ್ಲಿ ಬರೆಯಿರಿ. ಹೆಸರು, ಫೋಟೋ ಮಾತ್ರ ಬೇಡ.