ನಾಯಿಯ ಸಕ್ಕರೆ ಕಾಯಿಲೆಗೆ ಅಪ್ಪನ ಮಾತ್ರೆ ಬೇಡ

ನಿಮ್ಮ 8 ವರ್ಷದ ಹೆಣ್ಣು ಪಮೇರಿಯನ್‌ಗೆ ಸಕ್ಕರೆ ಕಾಯಿಲೆ ಇದೆ, ಸೂಜಿ ಚುಚ್ಚೋಕೆ ಮನಸ್ಸು ಬರ್ತಿಲ್ಲ, ಅಪ್ಪ ತಗೊಳ್ಳೋ ಮೆಟ್‌ಫಾರ್ಮಿನ್ ಕೊಡಬಹುದಾ ಅಂತ ಕೇಳಿದ್ದೀರಿ. ದಯವಿಟ್ಟು ಕೊಡಬೇಡಿ. ನಾಯಿಗಳಿಗೆ ಈ ಕಾಯಿಲೆ ಬಂದಾಗ ಸಾಮಾನ್ಯವಾಗಿ ಅವುಗಳ ಮೇದೋಜೀರಕ ಗ್ರಂಥಿ ಇನ್ಸುಲಿನ್ ತಯಾರಿಸೋದೇ ನಿಂತಿರುತ್ತೆ. ಇಲ್ಲದ ಇನ್ಸುಲಿನ್ನನ್ನ ಮಾತ್ರೆ ಎಲ್ಲಿಂದ ತರಬೇಕು?

ನಮ್ಮ ನಾಯಿಗೆ ಮೊದಲ ಸಲ ಚುಚ್ಚುವಾಗ ನನ್ನ ಕೈಯೂ ನಡುಗಿತ್ತು. ಸೂಜಿ ತುಂಬ ಸಣ್ಣದು, ಅದು ಊಟ ಮಾಡ್ತಾ ತಿರುಗಿಯೂ ನೋಡಲಿಲ್ಲ.

ಸಿರಿಂಜ್ ವಿಷಯದಲ್ಲಿ ಮಾತ್ರ ಬಹಳ ಎಚ್ಚರ. ಮೆಡಿಕಲ್ ಶಾಪ್‌ನಲ್ಲಿ ಕೆಂಪು ಮುಚ್ಚಳದ ಯು-40, ಕಿತ್ತಳೆ ಮುಚ್ಚಳದ ಯು-100 ಎರಡೂ ಸಿಗುತ್ತವೆ. ಒಂದು ಎಂಎಲ್‌ನಲ್ಲಿ ಎಷ್ಟು ಯೂನಿಟ್ ಇನ್ಸುಲಿನ್ ಇದೆ ಅನ್ನೋದೇ ಈ 40, 100. ಬಾಟಲಿ ಮೇಲಿನ ಸಂಖ್ಯೆಗೆ ಸಿರಿಂಜ್ ಹೊಂದಲೇಬೇಕು. 100ರ ಇನ್ಸುಲಿನ್ನನ್ನ 40ರ ಸಿರಿಂಜ್‌ನಲ್ಲಿ 4 ಯೂನಿಟ್ ಗೆರೆಗೆ ಎಳೆದರೆ ಒಳಗೆ ಹೋಗೋದು 10 ಯೂನಿಟ್. ಪುಟ್ಟ ನಾಯಿಯ ಜೀವಕ್ಕೇ ಅಪಾಯ.

ಸಾಮಾನ್ಯವಾಗಿ 12 ಗಂಟೆಗೊಮ್ಮೆ, ಊಟದ ಜೊತೆ ಕೊಡ್ತಾರೆ. ತಿನ್ನದೇ ಇದ್ದರೆ ಚುಚ್ಚೋ ಮುಂಚೆ ಡಾಕ್ಟರಿಗೆ ಫೋನ್ ಮಾಡಿ. ಸಕ್ಕರೆ ತೀರಾ ಇಳಿದು ತೂರಾಡಿದರೆ, ನಡುಗಿದರೆ ವಸಡಿಗೆ ಜೇನುತುಪ್ಪ ಸವರಿ ತಕ್ಷಣ ಆಸ್ಪತ್ರೆಗೆ ಕರ್ಕೊಂಡು ಹೋಗಿ.

ಸಂತಾನಹರಣ ಆಗಿದೆಯಾ ಅಂತ ನೀವು ಬರೆದಿಲ್ಲ. ಆಗಿಲ್ಲದಿದ್ದರೆ ಡಾಕ್ಟರ ಹತ್ತಿರ ಬೇಗ ಮಾತಾಡಿ. ಬೆದೆಯ ನಂತರ ಏರುವ ಪ್ರೊಜೆಸ್ಟರಾನ್ ಹಾರ್ಮೋನು ಇನ್ಸುಲಿನ್ ಕೆಲಸಕ್ಕೆ ಅಡ್ಡ ಬರುತ್ತೆ, ಎಷ್ಟು ಕೊಟ್ಟರೂ ಸಕ್ಕರೆ ಹಿಡಿತಕ್ಕೆ ಬರೋದು ಕಷ್ಟ. ಕಣ್ಣನ್ನೂ ನೋಡ್ತಾ ಇರಿ, ಈ ಕಾಯಿಲೆ ಇರೋ ನಾಯಿಗಳಿಗೆ ಪೊರೆ ಬೇಗ ಬರುತ್ತೆ.

ಬಾಟಲಿ ಮೇಲೆ 40 ಇದೆಯೋ 100 ಇದೆಯೋ ನೋಡಿ ಇಲ್ಲೇ ಬರೀರಿ.