ಗ್ರ್ಯಾಂಡ್ ಜ್ಯೂರಿ ಮುಂದೆ ರಾಜಕಾರಣಿ ಬಾಯಿಬಿಡಬೇಕಾ?

ಪ್ರಶ್ನೆ: ಅಮೆರಿಕದಲ್ಲಿ ಆರೋಪಿ ಆಗಬಹುದಾದ ರಾಜಕಾರಣಿಯನ್ನೇ ಗ್ರ್ಯಾಂಡ್ ಜ್ಯೂರಿ ಮುಂದೆ ಕರೆಯುತ್ತಾರಂತೆ. ಅವರು ಹೋಗಲೇಬೇಕಾ?
– ಓದುಗರೊಬ್ಬರು, ಬಸವನಗುಡಿ, ಬೆಂಗಳೂರು

ಉತ್ತರ: ಒಳ್ಳೆಯ ಪ್ರಶ್ನೆ. ಮೊದಲು ಒಂದು ಮಾತು, ಗ್ರ್ಯಾಂಡ್ ಜ್ಯೂರಿ ತೀರ್ಪು ಕೊಡುವುದಿಲ್ಲ. 16ರಿಂದ 23 ಜನ ಸಾಮಾನ್ಯರು ಗುಟ್ಟಾಗಿ ಕೂತು ಕೇಸು ಹಾಕುವಷ್ಟು ಆಧಾರ ಇದೆಯಾ ಅಂತ ನೋಡುತ್ತಾರೆ, 12 ಜನ ಒಪ್ಪಿದರೆ ಆರೋಪಪಟ್ಟಿ ಬರುತ್ತದೆ. ನಮ್ಮಲ್ಲಿ ಈ ಪದ್ಧತಿ ಇಲ್ಲ. ಪೊಲೀಸರು ಚಾರ್ಜ್‌ಶೀಟ್ ಹಾಕುತ್ತಾರೆ, ಆಮೇಲೆ ಜಡ್ಜ್ ಆರೋಪ ಹೊರಿಸುತ್ತಾರೆ, ಅಲ್ವಾ?

ಸಮನ್ಸ್ ಬಂದರೆ ಹೋಗಬೇಕು. ಆದರೆ ತನ್ನ ವಿರುದ್ಧ ತಾನೇ ಸಾಕ್ಷಿ ಹೇಳು ಅಂತ ಒತ್ತಾಯಿಸುವಂತಿಲ್ಲ. ಅಲ್ಲಿ ಅವರ ಸಂವಿಧಾನದ ಐದನೇ ತಿದ್ದುಪಡಿ, ಇಲ್ಲಿ ನಮ್ಮ ಸಂವಿಧಾನದ 20(3)ನೇ ವಿಧಿ.

ಫೆಡರಲ್ (ರಾಜ್ಯದ್ದಲ್ಲ, ಕೇಂದ್ರದ ಕಾನೂನಿನ) ಕೇಸಲ್ಲಿ ಸಾಕ್ಷಿಯ ವಕೀಲರು ಕೋಣೆಯೊಳಗೆ ಬರುವಂತಿಲ್ಲ, ಸಾಕ್ಷಿಯೇ ಹೊರಗೆ ಬಂದು ಕೇಳಿಕೊಂಡು ಹೋಗಬೇಕು. ಒಳಗೆ ಜಡ್ಜ್ ಕೂಡ ಇರುವುದಿಲ್ಲ, ಮತ್ತೆ ಅಲ್ಲಿ ಆಡಿದ ಮಾತು ಪ್ರಮಾಣ ಮಾಡಿ ಆಡಿದ ಮಾತು, ಸುಳ್ಳಾದರೆ ಅದೇ ಇನ್ನೊಂದು ಕೇಸು. ಅದಕ್ಕೇ ಜಾಸ್ತಿ ವಕೀಲರು 'ಸುಮ್ನೆ ಇರಿ' ಅನ್ನುತ್ತಾರೆ. ನನಗೂ ಅದೇ ಸರಿ ಅನಿಸುತ್ತದೆ.

1998ರ ಆಗಸ್ಟ್ 17ರಂದು ಅಧ್ಯಕ್ಷ ಕ್ಲಿಂಟನ್ ಶ್ವೇತಭವನದಿಂದಲೇ ವಿಡಿಯೊ ಮೂಲಕ ಸಾಕ್ಷಿ ಹೇಳಿದರು. ಅವರ ವಕೀಲರು ಪಕ್ಕದಲ್ಲೇ ಇದ್ದರು, ಅದು ಅವರಿಗೆ ಸಿಕ್ಕ ವಿನಾಯಿತಿ. ನಂತರ ಬಂದ ವಾಗ್ದಂಡನೆಯಲ್ಲಿ ಇದೇ ಸಾಕ್ಷ್ಯ ಅವರಿಗೆ ತಿರುಗಿಬಿತ್ತು. 2023ರ ಮಾರ್ಚ್‌ನಲ್ಲಿ ನ್ಯೂಯಾರ್ಕ್‌ನಲ್ಲಿ ಟ್ರಂಪ್ ಅವರಿಗೂ ಅವಕಾಶ ಕೊಟ್ಟಿದ್ದರು, ಅವರು ಹೋಗಲಿಲ್ಲ. ಅದೇ ತಿಂಗಳ 30ರಂದು ಜ್ಯೂರಿ ಆರೋಪ ಹೊರಿಸಿತು.